ಮೂವರಿಗೂ ಒಂದೇ ಮಡ್ಡಿ

ನಾನು ಹುಮನಾಬಾದಿನ ವಿದ್ಯುತ್ ಕಚೇರಿಯಲ್ಲಿ ಎಂಜಿನಿಯರ್. ಕೆಲವು ವರ್ಷಗಳ ಹಿಂದೆ ರಾಜೇಶ್ವರದ ಸಬ್‌ಸ್ಟೇಷನ್ ಹತ್ತಿರ ಸೌರ ವಿದ್ಯುತ್ ಘಟಕಕ್ಕೆ ನಮ್ಮವರು ಟೆಂಡರ್ ಕರೆದರು. ಯೂನಿಟ್‌ಗೆ ಎಲ್ಲರಿಗಿಂತ ಕಡಿಮೆ ದರ ಹೇಳಿದವರು ಘಟಕ ಕಟ್ಟಬೇಕು, ಅವರ ವಿದ್ಯುತ್ತನ್ನು ನಾವು ವರ್ಷಗಟ್ಟಲೆ ಕೊಳ್ಳಬೇಕು, ಸುತ್ತಲಿನ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟ್ ಸಿಗಬೇಕು. ಎರಡು ಸಲ ಕರೆದರೂ ಒಬ್ಬರೂ ಮೂಸಿ ನೋಡಲಿಲ್ಲ. ಮೂರನೆಯ ಸಲವೂ ಕೆಟ್ಟರೆ ಘಟಕ ಬೇರೆ ಜಿಲ್ಲೆಗೆ ಹೋಗುತ್ತದೆ ಎಂದು ಮೇಲಿನಿಂದ ಪತ್ರ ಬಂತು.

ಮೂರನೆಯ ಸಲ ಮೂರು ಬಿಡ್ ಬಂದವು. ಖುಷಿಗೆ ಇಡೀ ಕಚೇರಿಗೆ ಮಿರ್ಚಿ ಭಜಿ ತಿನ್ನಿಸಿದೆ. ಆದರೆ ಖುಷಿಪಟ್ಟದ್ದು ಅವಸರವಾಯಿತು. ಪ್ರತಿ ಬಿಡ್ ಜೊತೆ ಜಮೀನು ಕೊಡುವವರ ಒಪ್ಪಿಗೆ ಪತ್ರ ಇರಬೇಕು. ಮೂರೂ ಪತ್ರಗಳಲ್ಲಿ ಒಂದೇ ಸರ್ವೆ ನಂಬರ್, ಒಬ್ಬಳೇ ಹೆಣ್ಣುಮಗಳ ಸಹಿ!

ನಮ್ಮ ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಒಂದೇ ಹೊಲ ಮೂರು ಮಂದಿಗಿ ಹ್ಯಾಂಗ ಕೊಡ್ತಾರಪಾ? ಹೋಗಿ ಕೇಳ್ಕೊಂಡು ಬಾ." ಮೂರೂ ಪತ್ರ ತಿರಸ್ಕಾರವಾದರೆ ಟೆಂಡರ್ ಕಥೆ ಮುಗಿದಂತೆಯೇ.

ಬಿಸಿಲಲ್ಲಿ ಬೈಕ್ ಓಡಿಸುತ್ತ, ಬೈಯುವ ಮಾತುಗಳನ್ನು ಜೋಡಿಸಿಕೊಳ್ಳುತ್ತ ರಾಜೇಶ್ವರಕ್ಕೆ ಹೋದೆ. ಅರವತ್ತರ ಆಸುಪಾಸಿನ ಆ ಅವ್ವ ಹೊರಸಿನ ಮೇಲೆ ಕೂರಿಸಿ, ಮೊದಲು ಚಹಾ ಕೊಟ್ಟರು.

"ಅವ್ವಾ, ಮೂರೂ ಮಂದಿಗಿ ಸಹಿ ಮಾಡೀರೇನ್ರಿ?"

"ಹೌದ್ರಿ. ಮೂರೂ ಮಂದಿ ಮನೀಗಿ ಬಂದ್ರು, ಚಹಾ ಕುಡದ್ರು. ಚಹಾ ಕುಡದವರಿಗಿ ಇಲ್ಲ ಅನ್ಲಾಕ ಬರ್ತದೇನ್ರಿ?"

ಹಣೆ ಚಚ್ಚಿಕೊಂಡೆ. ನಮ್ಮ ಕಡೆಯ ದಸ್ತೂರೇ ಇದು. ಮಾರಲು ಬಂದವರಿಗೆ ಚಹಾ ಕೊಟ್ಟ ತಪ್ಪಿಗೆ ನಮ್ಮ ಮನೆಯಲ್ಲೂ ಮೂರು ಮಿಕ್ಸರ್‌ಗಳಿವೆ.

"ಗೆಲ್ಲಾಂವ ಒಬ್ಬನೇ ಅಲ್ರಿ?" ಎಂದೆ.

"ಗೊತ್ತದರಿ. ಒಬ್ಬಂಗೇ ಕೊಟ್ಟು ಅಂವ ಸೋತ್ರ? ಈಗ ಕರೆಂಟ್ ಬರೂದೇ ರಾತ್ರಿ. ನಮ್ಮ ಮನ್ಯಾಗಿನವರು ರಾತ್ರಿ ನೀರು ಬಿಡ್ಲಾಕ ಹೋದ್ರ, ತಿರುಗಿ ಬರೂತನಕ ನಾ ಹೊಸ್ತಿಲ ಮ್ಯಾಲೇ ಕುಂದುರ್ತೀನಿ. ಮಡ್ಡಿ ಹೊಲದಾಗ ಕಲ್ಲು ಬಿಟ್ರ ಏನ್ ಬೆಳೀತದ? ಯಾರರೆ ಗೆಲ್ಲಲಿ, ಕರೆಂಟ್ ಹಗಲಿಗಿ ಬರ್ಲಿ."

ಜೋಡಿಸಿಕೊಂಡು ಹೋಗಿದ್ದ ಬೈಗುಳ ನೆನೆದು ನಿಜಕ್ಕೂ ನಾಚಿಕೆಯಾಯಿತು. ಮೂವರಿಂದ ದರ ಕೇಳುವ ನಮ್ಮ ಲೆಕ್ಕಾಚಾರ ಈಕೆಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ತಿರುಗಿ ಬಂದು ಸಾಹೇಬರಿಗೆ ಹೇಳಿದೆ. ಅವರು ಟೆಂಡರ್ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಬಹುಶಃ ಮೊದಲ ಸಲ. ಒಂದೇ ಜಮೀನನ್ನು ಮೂವರು ತೋರಿಸಬಾರದೆಂದು ಎಲ್ಲೂ ಇರಲಿಲ್ಲ. ಪತ್ರಗಳಲ್ಲೂ 'ಕೆಲಸ ಸಿಕ್ಕವರಿಗೆ ಕೊಡುತ್ತೇನೆ' ಎಂದೇ ಇತ್ತು. ಕಾನೂನು ವಿಭಾಗದವರು ಸಾಕಷ್ಟು ಕೆಮ್ಮಿ ಒಪ್ಪಿದರು. ದರದ ಬಿಡ್ ತೆರೆದಾಗ ಹೈದರಾಬಾದಿನವನನ್ನೂ ಸೊಲ್ಲಾಪುರದವನನ್ನೂ ಹಿಂದೆ ಹಾಕಿ ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ಗೆದ್ದ. ಮಡ್ಡಿಯ ಮೇಲೆ ಫಲಕಗಳು ಎದ್ದವು.

ಸರಕಾರಿ ಕಚೇರಿ ಅಷ್ಟಕ್ಕೇ ಸುಮ್ಮನಿರುತ್ತದೆಯೇ? ಈ ತೂತು ಮುಚ್ಚಿರೆಂದು ಆದೇಶ ಬಂತು. 'ಒಬ್ಬ ಭೂಮಾಲೀಕರು ಒಬ್ಬ ಬಿಡ್‌ದಾರರಿಗೆ ಮಾತ್ರ ಒಪ್ಪಿಗೆ ನೀಡತಕ್ಕದ್ದು' ಎಂದು ನಾನೇ ಬರೆದೆ. ಸಾಹೇಬರು ಬೆನ್ನು ತಟ್ಟಿದರು. ಮುಂದಿನ ಟೆಂಡರ್ ಹುಡಗಿ ಎಂಬ ಊರಿನ ಕಡೆಯದು. ಅಲ್ಲಿ ಸಬ್‌ಸ್ಟೇಷನ್‌ಗೆ ಹತ್ತಿರದ ಜಮೀನು ಒಂದೇ. ಮೊದಲು ಹೋದವನಿಗೆ ಸಹಿ ಸಿಕ್ಕಿತು, ಉಳಿದವರು ಮನೆಗೆ ಹೋದರು. ಒಂದೇ ಬಿಡ್ ಬಂದಿದೆ ಎಂದು ಟೆಂಡರ್ ರದ್ದಾಯಿತು.

ಆಮೇಲೊಮ್ಮೆ ಲೈನ್ ನೋಡಲು ರಾಜೇಶ್ವರಕ್ಕೆ ಹೋದಾಗ ಆ ಅವ್ವನ ಮನೆಗೆ ಹೋದೆ. ಮಟಮಟ ಮಧ್ಯಾಹ್ನ ಮೋಟರ್ ಓಡುತ್ತಿತ್ತು. ಯಜಮಾನರು ಹೊಲಕ್ಕೆ ನೀರು ಬಿಟ್ಟು, ಕೆಸರುಗಾಲಲ್ಲೇ ಊಟಕ್ಕೆ ಬಂದಿದ್ದರು. ಅವ್ವ ಕೊಟ್ಟ ಚಹಾ ಕುಡಿಯುತ್ತ, ಹೊಸ ನಿಯಮದಿಂದ ಹುಡಗಿ ಊರಿನ ಟೆಂಡರ್ ರದ್ದಾದ ಸುದ್ದಿ ಹೇಳಿದೆ.

"ಅಲ್ಲಿ ಹೆಣ್ಮಕ್ಕಳೂ ಹೊಸ್ತಿಲ ಮ್ಯಾಲೆ ಕುಂತಾರೇನ್ರಿ ಹಂಗಾದ್ರ?" ಎಂದರು ಅವ್ವ. ಯಜಮಾನರಿಗೆ ರೊಟ್ಟಿ ಬಡಿಸುತ್ತ, "ಆ ನಿಯಮ ಬರದ ಶಾಣ್ಯಾ ಯಾರ್ರಿ, ಸಾಹೇಬ್ರ?"

ನಾನು ಚಹಾದ ಕಪ್ಪು ಬಾಯಿಗಿಟ್ಟುಕೊಂಡೆ. ಅದು ಆಗಲೇ ಖಾಲಿಯಾಗಿತ್ತು.