ನಾಲ್ಕು ಪದಗಳ ಮೇಲೆ ವಾಸು ಮಾವನ ಅಂಗೈ

ಬೆಳಿಗ್ಗೆ ಕಪಾಟು ಚೊಕ್ಕಟ ಮಾಡುವಾಗ ಹಳೆಯ ಅಣಕು ಪರೀಕ್ಷೆಯ ಹಾಳೆಯೊಂದು ಸಿಕ್ಕಿತು. ಮೂಲೆಯಲ್ಲಿ ಸಾಂಬಾರಿನ ಕಲೆ. ಮೂಸಿದರೆ ಇನ್ನೂ ಇಂಗಿನ ಘಮವಿದೆ ಎನ್ನುವಷ್ಟು ಸುಳ್ಳು ನಾನು ಹೇಳುವುದಿಲ್ಲ.

ನೀವೂ ಇಂಥದ್ದು ಬರೆದಿರಬಹುದು: ಇಂಗ್ಲಿಷಿನ ಒಂದು ವಾಕ್ಯ, ನಡುವೆ ಖಾಲಿ ಜಾಗ, ಕೆಳಗೆ ನಾಲ್ಕು ಪದ. ಒಂದನ್ನು ಆರಿಸಬೇಕು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊತ್ತು ತಂದವಳು ನಾನು. ನಾಲ್ಕರ ಪರವಾಗಿಯೂ ವಾದಿಸಬಲ್ಲೆ. ವಾದಿಸುತ್ತಲೂ ಇದ್ದೆ. ಸಮಯ ಮುಗಿದಾಗ ಅರ್ಧ ಪತ್ರಿಕೆ ಹಾಗೇ ಉಳಿದಿರುತ್ತಿತ್ತು. ಎಂ.ಎ. ಪ್ರವೇಶಕ್ಕೆ ಅದು ಎರಡನೆಯ ಯತ್ನ. ಈ ಸಲವೂ ಆಗದಿದ್ದರೆ ದಿಲ್ಲಿ ಬಿಟ್ಟು ಊರಿಗೆ ಬರಬೇಕೆಂಬುದು ಅಪ್ಪನ ಕರಾರು. ಅಪ್ಪನ ಮುಂದೆ ನನ್ನ ಬಹುಮಾನಗಳು ನಡೆಯುವುದಿಲ್ಲ.

ಓದಲು ಕೂರುತ್ತಿದ್ದುದು ಆರ್.ಕೆ.ಪುರಂನ ವಾಸು ಮಾವನ ಹೋಟೆಲಿನಲ್ಲಿ. ಅಮ್ಮನಿಗೆ ದೂರದ ಅಣ್ಣ, ಕುಂದಾಪುರದ ಕಡೆಯವರು. ಅವರದೊಂದು ಚಾಳಿ: ಮೆನುವನ್ನು ಅಂಗೈಯಿಂದ ಮುಚ್ಚಿಕೊಂಡು, ಹಸಿವು ಎಷ್ಟಿದೆ, ಬಾಯಿ ಏನು ಕೇಳುತ್ತಿದೆ ಎಂದು ಗಿರಾಕಿಯನ್ನು ಮೊದಲು ಹಿಂದಿಯಲ್ಲಿ ವಿಚಾರಿಸುವುದು. ಜನ ಹೇಗೆ ಸಹಿಸಿದರೋ. ದೋಸೆ ಚೆನ್ನಾಗಿತ್ತು, ಅದಕ್ಕಿರಬೇಕು.

ಒಂದು ಮಧ್ಯಾಹ್ನ ಅವರೆದುರು, ಮೂರನೆಯ ಪದವೇ ಸರಿ ಎಂದು ಕಾಲು ಗಂಟೆ ಸಾಧಿಸಿದೆ. ವಾಕ್ಯವನ್ನು ಕನ್ನಡದಲ್ಲಿ ಹೇಳು ಅಂದರು. ಹೇಳಿದೆ: ಅವನ ವಾದ ಅದ್ಭುತವಾಗಿದ್ದರೂ ತೀರ್ಪುಗಾರರಿಗೆ ಅವನು ಏನೋ ಅನ್ನಿಸಿದ. ಆ 'ಏನೋ' ಇರುವಲ್ಲೇ ಖಾಲಿ ಜಾಗ.

ಮಾವ ಸಾಂಬಾರಿನ ಕೈಯನ್ನು ನಾಲ್ಕು ಪದಗಳ ಮೇಲಿಟ್ಟರು.

"ಈಗ ನೀನೇ ತುಂಬು."

"ಆಯ್ಕೆ ನೋಡದೆ ಹೇಗೆ ಮಾವ?"

"ಅಚ್ಛಾ, ಮೆನು ನೋಡಿದ ಮೇಲೆ ಹಸಿವು ಹುಟ್ಟುತ್ತದಾ? ವಾಕ್ಯಕ್ಕೆ ಏನು ಬೇಕು ಕೇಳು. ಆಮೇಲೆ ಇದ್ದದ್ದರಲ್ಲಿ ಹತ್ತಿರದ್ದು ತಗೋ."

ವಾದ ಅದ್ಭುತ, ಆದರೂ ಅವರಿಗೆ ಹಿಡಿಸಲಿಲ್ಲ. ಹಾಗಾದರೆ ಹೊಗಳಿಕೆ ಕೂರುವುದಿಲ್ಲ. "ತಲೆನೋವು," ಅಂದೆ.

"ನೋಡು, ನಿನ್ನ ವಿಷಯ ನಿನಗೆ ಗೊತ್ತುಂಟು," ಎಂದು ಮಾವ ಕೈ ತೆಗೆದರು.

ಎರಡನೆಯ ಪದದ ಅರ್ಥ 'ಬೇಸರ ಹುಟ್ಟಿಸುವವನು'. ನಾನು ಕಾದಾಡುತ್ತಿದ್ದುದು 'ಪೂಜ್ಯ'ನ ಪರವಾಗಿ.

ಮೆನು ನೋಡಿಯೂ ಹಸಿವು ಹುಟ್ಟುವುದುಂಟು. ಅದಕ್ಕೆ ನನ್ನ ಬಳಿ ಮೂರು ವಾದಗಳಿದ್ದವು. ನುಂಗಿಕೊಂಡೆ. ಪರೀಕ್ಷೆಯ ದಿನ ಕಂಪ್ಯೂಟರಿನ ಪರದೆಗೆ ಅಂಗೈ ಒತ್ತಿ ಕೂತವಳನ್ನು ಕಂಡು ಮೇಲ್ವಿಚಾರಕಿ ಎರಡು ಸಲ ಬೆನ್ನ ಹಿಂದೆ ಬಂದು ನಿಂತರು. ಸೀಟು ಸಿಕ್ಕಿತು.

ಹಾಳೆ ಮಡಚುತ್ತಿದ್ದಾಗಲೇ ಅಪ್ಪನ ಫೋನು. ಎಂ.ಎ. ಮುಗಿಯಿತಲ್ಲ, ಮುಂದೇನು ಎಂದು ಕೇಳಿ, ಉತ್ತರವನ್ನೂ ಅವರೇ ಜೋಡಿಸಿದರು: ಬಿ.ಎಡ್., ಬ್ಯಾಂಕು, ಮದುವೆ. ಮೊದಲಾಗಿದ್ದರೆ ಮೂರನ್ನೂ ಒಂದೊಂದಾಗಿ ಖಂಡಿಸಿ ಗೆದ್ದುಬಿಡುತ್ತಿದ್ದೆ.

"ಅಪ್ಪಾ, ಅವು ಮೂರೂ ಇರಲಿ. ನನಗೇನು ಬೇಕು ಅಂತ ಮೊದಲು ಹೇಳ್ತೇನೆ," ಅಂದೆ.

"ಹೇಳು," ಅಂದರು ಅಪ್ಪ. ಎದುರಾಳಿ ಇಲ್ಲದೆ ಮಾತಾಡಿ ನನಗೆ ರೂಢಿಯಿಲ್ಲ, ಗಂಟಲು ಸರಿಮಾಡಿಕೊಂಡೆ.