ಚಿಕ್ಕವ್ವನ ಅರಿಸಿನದ ಹಿಟ್ಟು

ಮೈಗೆ ಹಚ್ಚುವ ಪುಡಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆಂದು ಹೇಳಿದ್ದರೆ ನನ್ನಜ್ಜಿ ನಗುತ್ತಿದ್ದಳು, ಆ ಕಾಲವದು. ಹುಲ್ಲಹಳ್ಳಿಯ ಅಜ್ಜಿ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಚಪ್ಪರಕ್ಕೂ ಮೊದಲು ಹಿಟ್ಟಿನ ಸಿದ್ಧತೆ ಶುರುವಾಗುತ್ತಿತ್ತು. ಹೆಸರುಕಾಳು, ಕಡಲೆಬೇಳೆ, ಹಿಡಿ ಅಕ್ಕಿ, ಒರಳಲ್ಲಿ ಜಜ್ಜಿದ ಕಸ್ತೂರಿ ಅರಿಸಿನ, ಕಚೋರ, ಚಳಿಗಾಲದಿಂದ ಕೂಡಿಟ್ಟ ಕಿತ್ತಳೆ ಸಿಪ್ಪೆ. ಎಲ್ಲವೂ ಹಳೇ ಸೀರೆಯ ಮೇಲೆ ಅಂಗಳದ ಬಿಸಿಲಲ್ಲಿ ಒಣಗುವಾಗ ಬೀದಿಗೆಲ್ಲ ಘಮ. ಕಾಗೆ ಓಡಿಸಲು ಕೂತ ನಾನು ಕಾಗೆಗಿಂತ ಹೆಚ್ಚು ಕಡಲೆಬೇಳೆ ಮುಕ್ಕುತ್ತಿದ್ದೆ.

ಆ ಬೇಸಿಗೆಯ ಮದುವೆ ಅಮ್ಮನ ತಂಗಿಯದು, ನನ್ನ ಚಿಕ್ಕವ್ವನದು. ಅವಳನ್ನು ನೋಡಲು ಬಂದ ಒಂದಿಬ್ಬರು ಉಪ್ಪಿಟ್ಟು ತಿಂದು, "ಹುಡುಗಿ ಬಣ್ಣ ಒಸಿ ಕಮ್ಮಿಯಾಯ್ತು" ಎಂದು ಎದ್ದುಹೋಗಿದ್ದರು. ಕಡೆಗೆ ಟಿ. ನರಸೀಪುರದ ಮೇಷ್ಟರೊಬ್ಬರು ಒಪ್ಪಿದರು. ಅವರು ಬಣ್ಣದ ಮಾತೇ ಎತ್ತಲಿಲ್ಲ. ಆದರೂ ಅಜ್ಜಿಗೆ ಧೈರ್ಯವಿಲ್ಲ. ಧಾರೆಯ ಹೊತ್ತಿಗೆ ಮಗಳ ಮುಖ ಫಳಫಳ ಹೊಳೆಯಬೇಕು, ಆಡಿಕೊಂಡವರ ಬಾಯಿಗೆ ಬೀಗ ಬೀಳಬೇಕು ಎಂಬ ಹಠ ಅವಳದು.

ಹಿಟ್ಟು ಮಾಡಿಸಲು ಊರಿಗಿದ್ದುದು ಮಾದಪ್ಪನ ಮಿಷನ್ ಒಂದೇ. ಮೆಣಸಿನಕಾಯಿಗೆ ಶುಕ್ರವಾರ, ಮಿಕ್ಕ ದಿನ ಹಿಟ್ಟು. ಖಾರ ಹಾಕಿದ ಮೇಲೆ ಮಾದಪ್ಪ ಒಂದಷ್ಟು ತೌಡು ಆಡಿಸಿ ಮಿಷನ್ ಚೊಕ್ಕ ಮಾಡುತ್ತಿದ್ದ. ಇದು ಊರಿಗೇ ಗೊತ್ತಿದ್ದ ಕಟ್ಟಳೆ. ಅದನ್ನೇ ನಂಬಿ ಅಜ್ಜಿ ಶನಿವಾರ ನನ್ನನ್ನೂ ಕರೆದುಕೊಂಡು ಹೋದಳು. ಹಿಂದಿನ ದಿನ ಕರೆಂಟಿರಲಿಲ್ಲವೆಂದು ಶುಕ್ರವಾರದ ಮೆಣಸಿನಕಾಯಿ ಅವತ್ತು ಬೆಳಿಗ್ಗೆ ಬಿದ್ದಿದ್ದು ನಮಗೆ ಗೊತ್ತಿರಲಿಲ್ಲ. ಮಾದಪ್ಪ ಸಾಮಾನಿಗೆಂದು ನಂಜನಗೂಡಿಗೆ ಹೋಗಿದ್ದ, ಮಿಷನ್ ಬಳಿ ಅವನ ಭಾಮೈದ ಇದ್ದ. ಅಲ್ಲಿದ್ದವರೆಲ್ಲ ಸೀನುತ್ತಿದ್ದರು. ಹಿಟ್ಟಿನ ಧೂಳಿಗೆ ಸೀನದವರು ಯಾರು? ನಾನೂ ಸೀನಿದೆ. ಅಜ್ಜಿಗೆ ಮಾತ್ರ ಏನೂ ಆಗಲಿಲ್ಲ. ವರ್ಷಾನುಗಟ್ಟಲೆ ನಶ್ಯ ಏರಿಸಿ ಅವಳ ಮೂಗು ಯಾವತ್ತೋ ಕೈಕೊಟ್ಟಿತ್ತು.

ಹಿಟ್ಟು ಕೆಂಪು ಬೆರೆತ ಹೊಂಬಣ್ಣಕ್ಕೆ ಬಂದಿತ್ತು. ಅಜ್ಜಿ ಹಿಗ್ಗಿದಳು. "ಕಿತ್ಲೆ ಸಿಪ್ಪೆ ಎಂಗೆ ಬಣ್ಣ ಬುಟ್ಟದೆ ನೋಡ್ಲಾ!" ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತ ಬಂದಳು.

ಮದುವೆಯ ಹಿಂದಿನ ದಿನ ಅರಿಸಿನದ ಶಾಸ್ತ್ರ. ಸಂಜೆಗೆ ಗಂಡಿನ ಕಡೆಯವರು ಬರುವವರಿದ್ದರು. ಚಿಕ್ಕವ್ವ ಮಣೆಯ ಮೇಲೆ, ಕಳಸಗಿತ್ತಿಯಾದ ನಾನು ಪಕ್ಕದಲ್ಲಿ. ಅಜ್ಜಿ ಹಿಟ್ಟಿಗೆ ಹಾಲಿನ ಕೆನೆ ಹಾಕಿ ಕಲಸಿದಳು. ಶಾಸ್ತ್ರ ಶುರುಮಾಡಬೇಕಿದ್ದ ಅಜ್ಜನ ಅಕ್ಕ, ಮನೆಮಂದಿಯ ದೊಡ್ಡತ್ತೆ, ಇನ್ನೂ ಸೀರೆ ಉಡುತ್ತಿದ್ದರು. ನನಗೋ ತಡೆಯಲಾಗಲಿಲ್ಲ.

"ಅಜ್ಜೀ, ನಂಗೆ ಮೊದ್ಲು ಹಚ್ಚಜ್ಜಿ."

"ಒಸಿ ತಡ್ಕೊಳೆ, ಮದ್ವೆ ನಿಂದಾ, ಅವಳ್ದಾ?" ಎಂದು ಗದರುತ್ತಲೇ ನನ್ನ ಮೊಣಕೈವರೆಗೆ ಬಳಿದಳು. ಹುಣಸೆಮರ ಹತ್ತಿ ಇಳಿದು ತರಚಿಕೊಂಡಿದ್ದ ಕೈ ಅದು. ಚುರುಚುರು ಅಂದಿತು, ಮರುಗಳಿಗೆ ಕೆಂಡ ಸುರಿದ ಹಾಗಾಯಿತು.

"ಉರೀತದೆ! ಅಜ್ಜೀ, ಉರೀತದೆ!"

"ಶುರುವಾಯ್ತಾ ನಿನ್ನಾಟ?" ಎಂದರು ಅಮ್ಮ. ಹೆಂಗಸರು ನಕ್ಕರು. ನಾನು ಮುಳ್ಳು ಚುಚ್ಚಿದರೆ ಹಾವು ಕಚ್ಚಿತೆನ್ನುವ ಜಾತಿ ಎಂಬುದು ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ದೊಡ್ಡತ್ತೆ ಬಂದು ಎರಡೂ ಅಂಗೈ ತುಂಬ ಹಿಟ್ಟು ತೆಗೆದುಕೊಂಡು ಚಿಕ್ಕವ್ವನ ಕೆನ್ನೆಯತ್ತ ಬಾಗಿದರು.

ಚಿಕ್ಕವ್ವ ಅವರ ಕೈ ಹಿಡಿದು ನಿಲ್ಲಿಸಿದಳು. "ಇರತ್ತೆ. ಮಗ ಸುಮ್ಸುಮ್ನೆ ಇಂಗೆ ಅಳಾಕಿಲ್ಲ." ನನ್ನ ಕೈಯಿಂದ ಚಿಟಿಕೆ ಹಿಟ್ಟು ತೆಗೆದು ಸೀದಾ ನಾಲಿಗೆಗೆ ಇಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು.

"ಅವ್ವೋ, ಕಾರ ಕಣವ್ವ ಇದು!"

ಅಜ್ಜಿ ಕುಸಿದು ಕೂತಳು. "ನನ್ ಕೈಯಾರ ಮಗಳ್ ಮೊಕ ಸುಡ್ತಿದ್ನಲ್ಲಪ್ಪೋ..." ಎಂದು ಅಳತೊಡಗಿದಳು.

"ಸುಟ್ಟಿಲ್ವಲ್ಲವ್ವ, ನೋಡಿಲ್ಲಿ" ಎಂದು ಚಿಕ್ಕವ್ವ ಅವಳ ಕೈ ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಜ್ಜಿಗೆ ಹೋದ ಜೀವ ಬಂದಂತಾಯಿತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತೆಂದು ದೊಡ್ಡತ್ತೆ ನಕ್ಕರು, ಎಲ್ಲರೂ ನಕ್ಕರು. ಅಮ್ಮ ನನ್ನ ಕೈಗೆ ಮಜ್ಜಿಗೆ ಸುರಿದು ಬೆಣ್ಣೆ ಹಚ್ಚಿದರು. ಚಿಕ್ಕವ್ವನಿಗೆ ಕೊನೆಗೆ ಅಡುಗೆಮನೆ ಡಬ್ಬದ ಕಡಲೆಹಿಟ್ಟು, ತೇಯ್ದ ಅರಿಸಿನ, ಅಷ್ಟೇ. ಅದನ್ನೂ ಅಜ್ಜಿ ಸಾರಿಗೆ ಉಪ್ಪು ನೋಡುವಂತೆ ನೆಕ್ಕಿ ನೋಡಿಯೇ ಹಚ್ಚಲು ಬಿಟ್ಟಳು. ಮಾರನೆಯ ದಿನ ಚಿಕ್ಕವ್ವನ ಮುಖದಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಮೇಷ್ಟರು ತಾಳಿ ಕಟ್ಟುವಾಗ ನಾನು ಕಳಸ ಹಿಡಿದು, ಆ ಮುಖವನ್ನೇ ನೋಡುತ್ತ ನಿರಾಳವಾಗಿ ನಿಂತಿದ್ದೆ. ಇವತ್ತಿಗೂ ನೆನೆದರೆ "ಅಬ್ಬ, ಸದ್ಯ" ಎನಿಸುತ್ತದೆ.

ಈಗಿನ ಮದುವೆಗಳಲ್ಲಿ ಪುಡಿ ಪೊಟ್ಟಣದಲ್ಲೇ ಬರುತ್ತದೆ. ಖಾರ ಬೆರೆಯುವ ಭಯವಿಲ್ಲ, ಅದು ಒಳ್ಳೆಯದೇ. ಮಾದಪ್ಪನ ಮಿಷನ್ ನಿಂತು ಎಷ್ಟೋ ಕಾಲವಾಯಿತು, ಅಜ್ಜಿಯೂ ಇಲ್ಲ. ಅವೆಲ್ಲ ಹೋಗುವಂಥವೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಶಾಲೆ, ಮದುವೆ, ಕೆಲಸ, ಯಾವುದರಲ್ಲಿ ನೊಂದರೂ ನಾನು ಓಡುತ್ತಿದ್ದುದು ಟಿ. ನರಸೀಪುರದ ಬಸ್ಸು ಹತ್ತಿ ಚಿಕ್ಕವ್ವನ ಮನೆಗೆ. ಹೋದ ವರ್ಷ ಅವಳೂ ಹೋದಳು. ನಾನು ಅತ್ತರೆ ನಗದೆ, ಏನಾಯಿತೆಂದು ಮೊದಲು ನೋಡುತ್ತಿದ್ದವಳು ಅವಳೊಬ್ಬಳೇ.