ತಿಮ್ಮ ಮುಚ್ಚಿದ ಹೊಂಡ

ಕೋಲಸಿರ್ಸಿಯ ತಿಮ್ಮ ನಾಯ್ಕನಿಗೆ ಐವತ್ತಾರು ವರ್ಷ, ತೂಕ ನಲವತ್ತೆಂಟು ಕಿಲೋ. ಸ್ವಂತ ಗದ್ದೆಯ ಕೆಲಸ ಮುಗಿಸಿ ಅವನು ಆನಂದನೆಂಬ ವ್ಯಾಪಾರಿಯ ಹುಲ್ಲುಬೇಣಕ್ಕೆ, ಹುಲ್ಲುಗಾವಲಿನ ಕೆಲಸಕ್ಕೆ, ಹೋಗುತ್ತಿದ್ದ. ಅಲ್ಲಿ ಆನಂದ ತನ್ನ ಎರಡು ಸೀಟಿನ ಪುಟ್ಟ ವಿಮಾನಕ್ಕೆಂದು ಆರುನೂರು ಮೀಟರ್ ಓಡುದಾರಿ ಮಾಡಿಸಿದ್ದ. ಹುಲ್ಲು ನಾಲ್ಕು ಬೆರಳು ಮೀರಬಾರದೆಂದು ಹೇಳಿದ್ದ. ತಿಮ್ಮ ಎಂಟು ವರ್ಷ ಮೀರಲು ಬಿಟ್ಟಿರಲಿಲ್ಲ.

ಹೋದ ಅಕ್ಟೋಬರಿನಲ್ಲಿ ಕಾಡುಹಂದಿಗಳು ಓಡುದಾರಿಯನ್ನು ಒಂದು ಕಡೆ ಮೊಳದಾಳ ಕೆದರಿದವು. ಗದ್ದೆಯ ಹಾಳಿ, ಅಂದರೆ ಬದು, ಒಡೆದರೆ ಕಟ್ಟುವಂತೆಯೇ ತಿಮ್ಮ ಅದನ್ನು ಕಟ್ಟಿದ: ಮಣ್ಣು ತುಂಬಿ, ಬೇರುಸಹಿತ ಹುಲ್ಲಿನ ಹೆಂಟೆ ಹೊದಿಸಿ, ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದ. ಹಿಮ್ಮಡಿ ಇಳಿಯದಿದ್ದರೆ ಹಾಳಿ ಗಟ್ಟಿ. ಹಾಳಿಯ ಮಟ್ಟಿಗೆ ಲೆಕ್ಕ ಸರಿ. ಆದರೆ ಹಿಮ್ಮಡಿಗೆ ತಿಳಿಯುವುದು ಮೇಲಿನ ನಾಲ್ಕು ಬೆರಳು ಮಣ್ಣು. ಐನೂರು ಕಿಲೋದ ವಿಮಾನದ ಭಾರ ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಮೇಲೆ ಎರಡು ದಿನ ಮಳೆಯೂ ಹೊಯ್ಯಿತು.

ಮೂರನೆಯ ಬೆಳಿಗ್ಗೆ ಆನಂದನ ವಿಮಾನ ಹಾರಿಸುವ ಪೈಲಟ್ ರೋಹಿಣಿ ಒಬ್ಬಳೇ ಹೊರಟಳು. ನೆಲ ಬಿಡಲು ನಾಲ್ಕು ಸೆಕೆಂಡು ಇರುವಾಗ ಎಡಗಡೆಯ ಗಾಲಿ ಆ ಜಾಗದಲ್ಲಿ ಹೂತುಹೋಯಿತು. ವಿಮಾನ ಎಡಕ್ಕೆ ತಿರುಗಿ, ರೆಕ್ಕೆ ನೆಲಕ್ಕೆ ಬಡಿದು, ಮೂಗಿನ ಮೇಲೆ ಕುಸಿಯಿತು. ಪಂಖ ಮುರಿಯಿತು, ರೋಹಿಣಿಯ ಹೆಗಲೆಲುಬೂ ಮುರಿಯಿತು. ಅವಳನ್ನು ಆಸ್ಪತ್ರೆಗೆ ಒಯ್ದರು, ವಿಮಾನವನ್ನು ಟ್ರ್ಯಾಕ್ಟರಿಗೆ ಕಟ್ಟಿ ಶೆಡ್ಡಿಗೆ ಎಳೆದರು. ಉಳಿದವನು ತಿಮ್ಮ, ಎದುರಿಗೆ ಬಾಯಿ ತೆರೆದ ಹೊಂಡ. ಒಡೆದದ್ದನ್ನು ಸಂಜೆ ದಾಟಿಸಬಾರದೆಂಬುದು ಗದ್ದೆಯವರ ಕ್ರಮ. ಎರಡನೇ ಯೋಚನೆ ಮಾಡದೆ ಮುಚ್ಚಿದ, ಮೊದಲಿಗಿಂತ ಚೆನ್ನಾಗಿ.

ಮರುದಿನ ಬಂದ ತನಿಖಾಧಿಕಾರಿ ಓಡುದಾರಿ ನಡೆದು ನೋಡಿ ಸಮತಟ್ಟಾಗಿದೆ ಎಂದು ಬರೆದುಕೊಂಡರು. ನೆಲದಲ್ಲಿ ದೋಷವಿಲ್ಲವೆಂದ ಮೇಲೆ ಉಳಿಯುವುದು ವಿಮಾನ ತಿರುಗಿಸುವ ಪೆಡಲ್ ಮೇಲಿದ್ದ ರೋಹಿಣಿಯ ಪಾದ.

ವಾರದ ನಂತರ ರೋಹಿಣಿ ತನ್ನ ಚೀಲ ಒಯ್ಯಲು ಬಂದಳು. ಹಾರಾಟ ಕಲಿಸುವ ಕೆಲಸ ಹೆಚ್ಚುಕಡಿಮೆ ಸಿಕ್ಕಿತ್ತು, ವರದಿ ಹೀಗಾದರೆ ಕೊಡುವುದಿಲ್ಲವಂತೆ ಎಂದಳು. ಎಡ ಪೆಡಲ್ ಒತ್ತಿದ ನೆನಪಿಲ್ಲ, ಆದರೂ ಒತ್ತಿರಬೇಕು ಎಂದು ಅವಳೇ ಒಪ್ಪಿಕೊಂಡಿದ್ದಳು. ತಾನು ಮುಚ್ಚಿದ್ದರಿಂದಲೇ ಹೊಂಡ ಅಧಿಕಾರಿಗೆ ಕಂಡಿಲ್ಲವೆಂದು ತಿಮ್ಮನಿಗೆ ಆಗ ಹೊಳೆಯಿತು.

ಮನೆಯಲ್ಲಿ ಹೆಂಡತಿ ಸುಬ್ಬಿಗೆ ಎಲ್ಲ ಹೇಳಿದ.

"ಹಾಳಿ ಕಟ್ಟಿ ವಿಮಾನ ಓಡ್ಸೂಕೆ ಹೋದ್ರೆ ಇನ್ನೆಂತ ಆಗ್ತದೆ?" ಎಂದಳು ಸುಬ್ಬಿ.

"ಹೇಳಿದ್ರೆ ನನ್ ಕೆಲ್ಸ ಹೋಗ್ತದೆ."

"ಆ ಹೆಣ್ಣಿಂದು ಹೋದ್ರೆ ಅಡ್ಡಿಲ್ವ?"

ಮಾರನೆಯ ದಿನ ತಿಮ್ಮ ಆನಂದನಿಗೆ ಹೇಳಿದ. ಆನಂದ ಅಧಿಕಾರಿಗೆ ಫೋನ್ ಮಾಡಿದ. ಅವರು ಬಂದಾಗ ತಿಮ್ಮ ಮುಚ್ಚಿದ ಜಾಗದಲ್ಲಿ ಹಾರೆ ಊರಿದ: ಒಂದೂವರೆ ಗೇಣು ಸಲೀಸಾಗಿ ಇಳಿಯಿತು. ಹತ್ತು ಹೆಜ್ಜೆ ಆಚೆ ಅದೇ ಹಾರೆ ಎರಡು ಬೆರಳಿಗೆ ನಿಂತಿತು. ಅಪಘಾತಕ್ಕೆ ಮೊದಲು ಹಂದಿಯ ಹೊಂಡ ಮುಚ್ಚಿದ್ದೆ ಎಂದು ಅಧಿಕಾರಿ ಅವನ ಹೇಳಿಕೆ ಬರೆದು, ಓದಿ, ಪೆನ್ನು ಕೊಟ್ಟರು. ತಿಮ್ಮ ತೆಗೆದುಕೊಳ್ಳಲಿಲ್ಲ.

"ಎರ್ಡು ಸಲ ಅಂತ ಬರೀರಿ. ವಿಮಾನ ಬಿದ್ ಮೇಲೂ ನಾನೇ ಮುಚ್ಚಿದ್ದು. ಅದ್ಕೇ ನಿಮ್ಗೆ ಕಂಡಿಲ್ಲ."

ಇದರಿಂದ ನಿನಗೇ ತೊಂದರೆ ಎಂದು ಅವರು ತಿಳಿಸಿದರು. ತಿಮ್ಮ ಕಾದ. ಅವರು ಆ ಸಾಲನ್ನೂ ಸೇರಿಸಿದ ಮೇಲೆ ಸಹಿ ಹಾಕಿದ.

ಅಂತಿಮ ವರದಿಯಲ್ಲಿ ಪಾದದ ಮಾತಿಲ್ಲ. ಆನಂದ ರೋಲರ್ ತರಿಸಿದ, ತಿಮ್ಮನನ್ನು ಕೆಲಸದಿಂದ ಬಿಡಿಸಿದ. ಜನವರಿಯಲ್ಲಿ ಕೆಲಸಕ್ಕೆ ಸೇರುವ ಮುನ್ನ ರೋಹಿಣಿ ಕೋಲಸಿರ್ಸಿಗೆ ಬಂದು, ಅವನ ಮನೆಯಲ್ಲಿ ಊಟ ಮಾಡಿ ಹೋದಳು.